ಜಲಗಾರರ ಮರದ ದೋಣಿ

ಚೆನ್ನೈಯ ಪಲ್ಲಾವರವೆಂದರೆ ಪ್ರಾಗಿತಿಹಾಸದ ಆಸಕ್ತರಿಗೆ ಮೊದಲು ನೆನಪಾಗುವವರು ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಅವರಿಗೆ ಅಲ್ಲಿ ದೊರೆತ ಶಿಲಾಯುಧ ಭಾರತದ ಮನುಷ್ಯನ ಪ್ರಾಚೀನತೆಯನ್ನೇ ಹಿಂದಕ್ಕೆ ಸರಿಸಿತು. ಭೂವಿಜ್ಞಾನ ಸರ್ವೇಕ್ಷಣೆಯ ಇದೇ ಅಧಿಕಾರಿ 1874ರಲ್ಲಿ ಧಾರವಾಡ ಜಿಲ್ಲೆಯ ಡಂಬಳ ಬೆಟ್ಟಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದರೆಂಬುದು ಕನ್ನಡಿಗರಲ್ಲೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಬೆಟ್ಟಗಳೇ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡ.

ಸೊರಟೂರು, ಡೋಣಿ ಮುಂತಾದ ಊರುಗಳ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. ಅವರ ಮುಖ್ಯ ಉಪಕರಣ ಒಂದು ತುದಿ ತೆರೆದಿರುವ, ಹಗುರ ಮರದ, ಹೊತ್ತೊಯ್ಯಬಹುದಾದ ಪೆಟ್ಟಿಗೆ. ಅದನ್ನು ಹಳ್ಳದ ಅಂಚಿನಲ್ಲಿ ತುಸು ಓರೆಯಾಗಿ ಇಟ್ಟು, ಮಣ್ಣು ಸುರಿದು, ಕೈಯಿಂದ ನೀರು ಹೊಯ್ಯುತ್ತ ಕದಡುವುದು. ದಪ್ಪ ಕಲ್ಲುಗಳನ್ನು ಆರಿಸಿ ಎಸೆಯುವುದು. ತಳದಲ್ಲಿ ಉಳಿದ ಕರಿ ಮರಳನ್ನು ಮರಿಗೆಯಲ್ಲಿ ಮತ್ತೆ ತೊಳೆಯುವುದು. ಕಡೆಗೆ ಕಣ್ಣಿಗೂ ಸರಿಯಾಗಿ ಕಾಣದ ಕಣಗಳನ್ನು ಪಾದರಸದಿಂದ ಕೂಡಿಸಿ, ಕಾಯಿಸಿ ಪಾದರಸವನ್ನು ಹಾರಿಸಿದರೆ ಉಳಿಯುವುದು ಚಿನ್ನ. (ಆ ಹೊಗೆ ಎಷ್ಟು ಎದೆಗಳನ್ನು ಸುಟ್ಟಿತೋ!)

ಇದೇ ಕಾಲಕ್ಕೆ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಲ್ಲಿ ಬಳಕೆಯಲ್ಲಿದ್ದದ್ದು ಉದ್ದನೆಯ ದೋಣಿ. ತಳದಲ್ಲಿ ಅಡ್ಡಪಟ್ಟಿಗಳು, ಮೇಲೆ ಎಡೆಬಿಡದ ನೀರು. ಅದರ ಮುಂದೆ ಜಲಗಾರರ ಪೆಟ್ಟಿಗೆ ಆಟಿಕೆಯಂತೆ ಕಾಣುವುದು ಸಹಜ. ಆದರೆ ಅದು ಅಜ್ಞಾನದ ಫಲವೆಂದು ನಾನು ಒಪ್ಪಲಾರೆ. ಚಿನ್ನವು ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ದಪ್ಪ ಕಾಳಾದರೆ ಎಂಥ ರಭಸದಲ್ಲೂ ತಳ ಹಿಡಿಯುತ್ತದೆ. ಹೊಟ್ಟಿನಂತೆ ಚಪ್ಪಟೆಯಾದ ನುಣ್ಣನೆಯ ಕಣದ ರೀತಿಯೇ ಬೇರೆ: ಒಮ್ಮೆ ಒಣಗಿದರೆ ನೀರಿನ ಮೇಲೆ ತೇಲಲೂಬಹುದು, ಓಟ ತುಸು ಹೆಚ್ಚಿದರೆ ಮರಳಿನೊಡನೆ ಕೊಚ್ಚಿ ಹೋಗುತ್ತದೆ. ಅಂಥ ಚಿನ್ನಕ್ಕೆ ಬೇಕಾದದ್ದು ಕಡಿಮೆ ಓರೆ, ತೆಳುವಾದ ನೀರು, ತಾಳ್ಮೆಯ ಕೈ. ಮೇಲಾಗಿ ಕಪ್ಪತಗುಡ್ಡದ ಹಳ್ಳಗಳು ಮಳೆಯನ್ನು ನಂಬಿದವು. ಎಡೆಬಿಡದ ಪ್ರವಾಹ ಬೇಡುವ ಉದ್ದನೆಯ ದೋಣಿಗೆ ಅಲ್ಲಿ ನೀರೆಲ್ಲಿ? ಕೈಯಿಂದ ಹೊಯ್ದ ನೀರು ಹೊಯ್ದವನ ಅಂಕೆಯಲ್ಲಿರುತ್ತದೆ. ಮಳೆ ಬಿದ್ದ ಮೇಲೆ ಹೊಸ ಮಣ್ಣು ಬಂದಲ್ಲಿಗೆ ಪೆಟ್ಟಿಗೆಯನ್ನೇ ಒಯ್ಯಬಹುದು.

ಮಣ್ಣು ತೊಳೆಯುವವರ ಈ ಅರಿವನ್ನೇ ಹಿಂಬಾಲಿಸಿ ಹೋದವರು ಇತಿಹಾಸದಲ್ಲಿ ಸಂಶೋಧಕರಾದರು. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರನ್ ಉರಿಗಾಂ ಸುತ್ತಿನಲ್ಲಿ ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದರು. ಹಳ್ಳಿಗರು ಮಣ್ಣು ತಂದು ಅವರ ಎದುರಿಗೇ ತೊಳೆದು ತೋರಿಸಿದರು. ವಾರನ್ ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತರು. ನಮ್ಮ ಪಂಚಾಂಗಗಳನ್ನು ಕುರಿತ ಅವರ ‘ಕಾಲಸಂಕಲಿತ’ 1825ರಲ್ಲಿ ಈ ಊರಿನಲ್ಲೇ ಅಚ್ಚಾಯಿತು. ಅವರ ವರದಿಯನ್ನು ಓದಿ ಲಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಕೋಲಾರಕ್ಕೆ ಹೊರಟರು. ಅಲ್ಲಿಂದ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಎದುರಿಗೆ ನಿಂತು ತೊಳೆದು ತೋರಿಸಿದವರ ಹೆಸರು ಆ ಕಥೆಯಲ್ಲಿಲ್ಲ.

ಎಲ್ಲ ಕಡೆಯೂ ಕೋಲಾರವಾಗಲಿಲ್ಲ. 1880ರ ಸುಮಾರಿಗೆ ನೀಲಗಿರಿಯ ದೇವಾಲ, ಪಂದಲೂರುಗಳಲ್ಲಿ ಹತ್ತಾರು ಕಂಪನಿಗಳು ಯಂತ್ರ ಹೂಡಿ ಕೆಲವೇ ವರ್ಷಗಳಲ್ಲಿ ಕೈಸುಟ್ಟುಕೊಂಡವು. ಗದಗದ ಸುತ್ತ 20ನೆಯ ಶತಮಾನದ ಆರಂಭದಲ್ಲಿ ತೋಡಿದ ಗಣಿಗಳೂ ಬಹುಕಾಲ ಬಾಳಲಿಲ್ಲ.

ಜಲಗಾರರಿಗೆ ಹಳ್ಳವೊಂದೇ ಆಸರೆಯಾಗಿರಲಿಲ್ಲ. ಅಕ್ಕಸಾಲಿಗರ ಅಂಗಡಿಯ ಕಸ, ಬೂದಿಗಳನ್ನು ಕೂಡಿಸಿ, ಅದರಲ್ಲಿ ಸೇರಿಹೋದ ಚಿನ್ನ ಬೆಳ್ಳಿಯ ಚೂರುಗಳನ್ನು ತೊಳೆದು ತೆಗೆಯುವುದೂ ಅವರ ಕಸುಬಾಗಿತ್ತು. ಆ ಪದ ಬೀದಿ ಗುಡಿಸುವವನ ಹೆಸರಾದದ್ದು ಈ ಅಂಗಡಿಯ ಹೊಸ್ತಿಲಲ್ಲೇ ಇರಬೇಕೆಂದು ನನ್ನ ಊಹೆ. ಕುವೆಂಪು ಅವರ ‘ಜಲಗಾರ’ ನಾಟಕದ ನಾಯಕನ ಕೈಯಲ್ಲಿರುವುದು ಪೊರಕೆ. ಆ ಹೆಸರಿನ ಹಿಂದೆ ಒಂದು ಹಳ್ಳ, ಒಂದು ಮರದ ದೋಣಿ ಇತ್ತೆಂಬುದು ಇಂದಿನ ಓದುಗರಲ್ಲಿ ಎಷ್ಟು ಮಂದಿಗೆ ಹೊಳೆದೀತು?