ದೈವ ‘ಡೆವಿಲ್’ ಆದದ್ದು ಬೈಕುಲಾದಲ್ಲಿ

ನಾವು ‘ಭೂತದ ಬಾಯಲ್ಲಿ ಭಗವದ್ಗೀತೆ’ ಎನ್ನುವುದನ್ನೇ ಇಂಗ್ಲಿಷಿನವರು ಡೆವಿಲ್ ಕೂಡ ಬೈಬಲ್ ಹೇಳೀತು ಎನ್ನುತ್ತಾರೆ. ಗಾದೆಗೆ ಗಾದೆ ಸರಿಹೋಯಿತು. ಹಾಗೆಂದು ಭೂತ ಎಂದರೆ ಡೆವಿಲ್ಲೇ? ಕೋಲಕ್ಕೆಂದು ರಜೆ ಹಾಕಿ ಊರಿಗೆ ಹೊರಟ ಮುಂಬಯಿಯ ತುಳುವರನ್ನು ಕೇಳಿ ನೋಡಿ!

ಈ ಎಡವಟ್ಟಿಗೆ ನಮ್ಮ ಊರಿನ ನಂಟೂ ಇದೆ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ತುಳು ಪಾಡ್ದನಗಳನ್ನು ಸಂಗ್ರಹಿಸಿಟ್ಟು 1882ರಲ್ಲಿ ತೀರಿಕೊಂಡರು. 1894ರಿಂದ 1897ರವರೆಗೆ ಅವು ಬೈಕುಲಾದಲ್ಲಿ ಅಚ್ಚಾಗುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಬಂದವು. ತಲೆಬರಹ, ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’! ಗರಡಿಗಳಲ್ಲಿ ಪೂಜೆಗೊಳ್ಳುವ ವೀರರಾದ ಕೋಟಿ-ಚೆನ್ನಯರೂ ಅದರಡಿಯಲ್ಲೇ ಸೇರಿಹೋದರು. ಪಾಡ್ದನಗಳು ಅಕ್ಷರದಲ್ಲಿ ಉಳಿದದ್ದು ದೊಡ್ಡ ಉಪಕಾರ, ತಲೆಬರಹ ಮಾತ್ರ ಅಪಚಾರ.

ಇಂಗ್ಲಿಷಿನ ‘ಡೆವಿಲ್’, ಸ್ಪ್ಯಾನಿಷಿನ ‘ದಿಯಾಬ್ಲೊ’ ಎರಡರ ಮೂಲವೂ ಗ್ರೀಕಿನ ‘ದಿಯಾಬೊಲೊಸ್’, ಅಂದರೆ ಚಾಡಿಕೋರ. ಕೋಲದ ದೈವವೋ ಊರಿನ ವ್ಯಾಜ್ಯ ಕೇಳುತ್ತದೆ, ತಪ್ಪಿದವನು ಗುತ್ತಿನ ಯಜಮಾನನಾದರೂ ಎದುರಿಗೆ ನಿಲ್ಲಿಸಿ ನುಡಿ ಕೊಡುತ್ತದೆ. ಬರ್ನೆಲ್ ಸಾಹೇಬರು ಮಂಗಳೂರಿನ ಕೋರ್ಟಿನಲ್ಲಿ ಕೂತು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಕೆಲಸವನ್ನು.