ಹತ್ತು ಎಣಿಸುವುದರೊಳಗೆ

ಬಾಕ್ಸಿಂಗಿನ ಒಂದು ಸುತ್ತು ಎಂದರೆ ಮೂರು ನಿಮಿಷ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದರಲ್ಲೂ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಹೊಸ ಬೀಗರು ಮೊದಲ ಸಲ ಮನೆಗೆ ಬಂದಾಗ ಎರಡೂ ಕಡೆಯವರು ಮಳೆ ಬೆಳೆಯ ಮಾತಾಡಿ ಒಬ್ಬರನ್ನೊಬ್ಬರು ಅಳೆಯುತ್ತಾರಲ್ಲ, ಹಾಗೆ ಇಬ್ಬರು ಜಟ್ಟಿಗಳೂ ದೂರದಿಂದಲೇ ಕೈ ಚಾಚಿ ಅಳತೆ ತೆಗೆಯುತ್ತಾರೆ. ಹೊಡೆತ ಏನಿದ್ದರೂ ಆಮೇಲೆ.

1923ರ ಸೆಪ್ಟೆಂಬರ್ 14ರ ರಾತ್ರಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಈ ಅಳತೆಯ ಶಾಸ್ತ್ರವೇ ನಡೆಯಲಿಲ್ಲ. ಗಂಟೆ ಬಾರಿಸಿದ್ದೇ ತಡ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಅಮೆರಿಕದ ಜ್ಯಾಕ್ ಡೆಂಪ್ಸಿ, ಹೆವಿವೇಟ್ ವಿಭಾಗದ ವಿಶ್ವ ಚಾಂಪಿಯನ್. ಇನ್ನೊಬ್ಬ ಅರ್ಜೆಂಟೀನಾದ ಲೂಯಿಸ್ ಏಂಜೆಲ್ ಫಿರ್ಪೋ. ಆತನನ್ನು ಪತ್ರಿಕೆಗಳು ಹುಲ್ಲುಗಾವಲಿನ ಕಾಡುಗೂಳಿ ಎಂದು ಕರೆಯುತ್ತಿದ್ದವು. ನೋಡಲು ಸೇರಿದ್ದವರು ಎಂಬತ್ತು ಸಾವಿರ ಮಂದಿ.

ಹೊಡೆದಾಟದ ವಿಷಯ ನಮಗೇಕೆ ಎನ್ನಬೇಡಿ. ಮಣಿಪುರದ ಮೇರಿ ಕೋಮ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಮೇಲೆ ಹಾಗೆ ಕೇಳುವ ಹಕ್ಕು ಯಾರಿಗೂ ಉಳಿದಿಲ್ಲ. ಆದರೂ ನಿಜ ಹೇಳುತ್ತೇನೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಗುದ್ದುಗಳಲ್ಲ, ಎಣಿಕೆ. ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಬಾಕ್ಸಿಂಗಿನಲ್ಲಿ ಹಾಗಲ್ಲ. ಬಿದ್ದವನಿಗೆ ಏಳಲು ಅವಕಾಶವಿದೆ. ರೆಫರಿ ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ, ಅಷ್ಟರೊಳಗೆ ಎದ್ದು ನಿಂತರೆ ಆಟ ಮುಂದುವರಿಯುತ್ತದೆ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಎಣಿಕೆ ಯಾವಾಗ ಶುರುವಾಗಬೇಕು? ಬಿದ್ದವನು ಏಳುವಾಗ ಬೀಳಿಸಿದವನು ಎಲ್ಲಿ ನಿಂತಿರಬೇಕು? ಎಬ್ಬಿಸಲು ಬೇರೆಯವರು ಕೈ ಕೊಡಬಹುದೇ? ಮೂರು ಪ್ರಶ್ನೆಗಳಿಗೂ ಡೆಂಪ್ಸಿಯ ಬದುಕಿನಲ್ಲಿ ಉತ್ತರವಿದೆ.

ಈತ ಕೊಲೊರಾಡೋ ರಾಜ್ಯದ ಮನಾಸಾ ಎಂಬ ಹಳ್ಳಿಯಲ್ಲಿ 1895ರಲ್ಲಿ ಹುಟ್ಟಿದ ಬಡವರ ಮನೆ ಹುಡುಗ. ಗೂಡ್ಸ್ ರೈಲುಗಳಲ್ಲಿ ಕದ್ದು ಕೂತು ಊರೂರು ಅಲೆದು, ಸಿಕ್ಕ ಕಡೆ ಹೊಡೆದಾಡಿ ಹೊಟ್ಟೆ ಹೊರೆದವನು. 1919ರ ಜುಲೈ 4ರಂದು ಒಹಾಯೋದ ಟೊಲೀಡೋದಲ್ಲಿ ಆಗಿನ ಚಾಂಪಿಯನ್ ಜೆಸ್ ವಿಲ್ಲರ್ಡನನ್ನು ಎದುರಿಸಿದ. ವಿಲ್ಲರ್ಡ್ ಆರೂವರೆ ಅಡಿ ಎತ್ತರದ ದೈತ್ಯ, ತೂಕದಲ್ಲೂ ಡೆಂಪ್ಸಿಗಿಂತ ಇಪ್ಪತ್ತೈದು ಕಿಲೋದಷ್ಟು ಹೆಚ್ಚು. ಆ ಬೆಟ್ಟದಂಥ ಮನುಷ್ಯ ಮೊದಲ ಸುತ್ತಿನಲ್ಲೇ ಏಳು ಸಲ ಉರುಳಿದ. ಡೆಂಪ್ಸಿ ಮಾಡಿದ್ದಿಷ್ಟೇ. ಬಿದ್ದವನ ಪಕ್ಕದಲ್ಲೇ ಕಾದು ನಿಂತು, ಅವನು ಮೊಣಕಾಲು ಎತ್ತುತ್ತಿದ್ದಂತೆ ಮತ್ತೆ ಹೊಡೆದ. ಗೆದ್ದೆನೆಂದುಕೊಂಡು ಅಖಾಡದಿಂದ ಇಳಿದೂ ಹೋದ. ಗದ್ದಲದಲ್ಲಿ ಸುತ್ತು ಮುಗಿದ ಗಂಟೆ ಯಾರಿಗೂ ಕೇಳಿರಲಿಲ್ಲವಂತೆ, ಆಟ ಮುಗಿದಿಲ್ಲ ಬಾ ಎಂದು ವಾಪಸು ಕರೆಸಿದರು. ಮೂರು ಸುತ್ತಿನ ನಂತರ ವಿಲ್ಲರ್ಡ್ ಏಳಲಿಲ್ಲ, ಕಿರೀಟ ಕೈ ಬದಲಾಯಿತು.

ನಾಲ್ಕು ವರ್ಷ ಕಳೆದು ಫಿರ್ಪೋ ಬಂದ. ಅವನ ತೂಕ ಸುಮಾರು 98 ಕಿಲೋ, ಡೆಂಪ್ಸಿಯದು 87. ಎರಡು ತಿಂಗಳ ಹಿಂದಷ್ಟೇ ಅವನೂ ಅದೇ ವಿಲ್ಲರ್ಡನನ್ನು ಎಂಟನೆಯ ಸುತ್ತಿನಲ್ಲಿ ಮಲಗಿಸಿದ್ದ. ಮೊದಲ ಕ್ಷಣಗಳಲ್ಲೇ ಫಿರ್ಪೋನ ಏಟಿಗೆ ಡೆಂಪ್ಸಿಯ ಮೊಣಕಾಲು ನೆಲ ತಾಗಿತು. ಡೆಂಪ್ಸಿ ಸಾವರಿಸಿಕೊಂಡು ನುಗ್ಗಿದ. ಫಿರ್ಪೋ ಬಿದ್ದ, ಎದ್ದ, ಬಿದ್ದ. ಒಂದಲ್ಲ ಎರಡಲ್ಲ, ಇಲ್ಲಿಯೂ ಏಳು ಸಲ! ಪ್ರತಿ ಸಲವೂ ಡೆಂಪ್ಸಿ ತಲೆಯ ಮೇಲೇ ನಿಂತಿದ್ದ, ರೆಫರಿ ಜಾನಿ ಗ್ಯಾಲಘರ್ ತಡೆಯಲಿಲ್ಲ. ಏಳನೆಯ ಸಲ ಎದ್ದ ಫಿರ್ಪೋಗೆ ಎಲ್ಲಿಂದ ಬಂತೋ ಆ ಬಲ, ಬಲಗೈ ಬೀಸುತ್ತ ಡೆಂಪ್ಸಿಯನ್ನು ಹಗ್ಗದ ತನಕ ಅಟ್ಟಿದ. ಮುಂದಿನ ಏಟಿಗೆ ವಿಶ್ವ ಚಾಂಪಿಯನ್ ಹಗ್ಗಗಳ ಸಂದಿಯಿಂದ ತಲೆಕೆಳಗಾಗಿ ಕೆಳಗೆ ಕೂತಿದ್ದ ವರದಿಗಾರರ ಟೈಪ್‌ರೈಟರುಗಳ ಮೇಲೆ ಬಿದ್ದ.

ಇಲ್ಲಿದೆ ಗಂಟು. ಬಿದ್ದವನು ಯಾರ ಸಹಾಯವೂ ಇಲ್ಲದೆ ತಾನೇ ಹತ್ತಿ ಬರಬೇಕು ಎಂಬುದು ನಿಯಮ. ವರದಿಗಾರರು ಅವನನ್ನು ಮೇಲಕ್ಕೆ ತಳ್ಳಿದರು. ಮೈಮೇಲೆ ಬಿದ್ದ ಭಾರವನ್ನು ಯಾರಾದರೂ ತಳ್ಳುತ್ತಾರೆ, ಅದು ಸಹಾಯವೋ ಆತ್ಮರಕ್ಷಣೆಯೋ ಎಂದು ಈಗಲೂ ವಾದ ಮಾಡಬಹುದು. ನನಗಂತೂ ಫಿರ್ಪೋಗೆ ಅನ್ಯಾಯವಾಯಿತೆಂದೇ ಅನಿಸುತ್ತದೆ. ಏಳು ಸಲ ಬಿದ್ದಾಗ ಅವನಿಗೆ ಯಾರೂ ಕೈ ಕೊಡಲಿಲ್ಲ. ಡೆಂಪ್ಸಿ ಎಣಿಕೆ ಮುಗಿಯುವುದರೊಳಗೆ ಒಳಗೆ ಬಂದ, ಸುತ್ತು ಮುಗಿಯುವವರೆಗೆ ನಿಂತ. ಎರಡನೆಯ ಸುತ್ತಿನಲ್ಲಿ ಐವತ್ತೇಳು ಸೆಕೆಂಡಿಗೆ ಫಿರ್ಪೋ ಏಳಲಾರದಂತೆ ಬಿದ್ದ. ಎಲ್ಲ ಸೇರಿ ನಾಲ್ಕು ನಿಮಿಷವೂ ಇಲ್ಲ. ಟಿಕೆಟ್ಟಿನ ಹಣ ಮಾತ್ರ ಹನ್ನೊಂದು ಲಕ್ಷ ಡಾಲರ್ ದಾಟಿತ್ತು.

ಕಣ್ಣಾರೆ ಕಂಡವರ ಮಾತನ್ನೂ ಎಷ್ಟು ನಂಬಬೇಕು ಎನ್ನುವುದಕ್ಕೆ ಇಲ್ಲೊಂದು ಒಳ್ಳೆಯ ಪಾಠವಿದೆ, ಇತಿಹಾಸ ಹೇಳಿಕೊಡುವವಳಾಗಿ ಇದನ್ನು ಬಿಡಲಾರೆ. ಅಖಾಡದ ಬದಿಯಲ್ಲಿ ಪತ್ರಿಕೆಯೊಂದರ ಪರವಾಗಿ ಕೂತಿದ್ದ ಚಿತ್ರಕಾರ ಜಾರ್ಜ್ ಬೆಲ್ಲೋಸ್ ಮರುವರ್ಷ ಆ ಕ್ಷಣವನ್ನು ದೊಡ್ಡ ತೈಲಚಿತ್ರವಾಗಿ ಬರೆದರು. ಅದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿದೆ. ಡೆಂಪ್ಸಿ ಬೆನ್ನಡಿಯಾಗಿ ಜನರ ಮೇಲೆ ಬೀಳುತ್ತಿದ್ದಾನೆ, ಫಿರ್ಪೋನ ಎಡಗೈ ಬೀಸಿ ನಿಂತಿದೆ. ಆದರೆ ಅಂದಿನ ಮೂಕಿ ಫಿಲ್ಮಿನಲ್ಲಿ ಬೀಳಿಸಿದ್ದು ಬಲಗೈ! ಚಿತ್ರಕಾರನಿಗೆ ಚಿತ್ರದ ಅಂದಕ್ಕೆ ಎಡಗೈ ಬೇಕಾಯಿತೋ ಏನೋ. ಜಗತ್ತು ಆ ರಾತ್ರಿಯನ್ನು ನೆನೆಯುವುದು ಮಾತ್ರ ಈ ಚಿತ್ರದಿಂದಲೇ. ಗೆದ್ದವನು ಡೆಂಪ್ಸಿ, ಚಿತ್ರದಲ್ಲಿ ಎಂದೆಂದಿಗೂ ಬೀಳುತ್ತಿರುವವನೂ ಅವನೇ.

ಬ್ಯೂನಸ್ ಐರಿಸ್ ಹತ್ತಿರದ ಬಾನ್‌ಫೀಲ್ಡಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನ ಮನೆಯಲ್ಲಿ ರೇಡಿಯೊ ಇತ್ತು. ಟಿ.ವಿ. ಇದ್ದ ಮನೆಯ ಪಡಸಾಲೆಗೆ ಬೀದಿಯೆಲ್ಲ ಬಂದು ಕೂರುತ್ತಿದ್ದುದನ್ನು ಕಂಡ ನಮಗೆ ಆ ಚಿತ್ರ ಹೊಸದಲ್ಲ, ಆ ರಾತ್ರಿ ನೆರೆಹೊರೆಯವರೆಲ್ಲ ಅಲ್ಲಿ ಸೇರಿದ್ದರು. ಹುಡುಗ ಮುಂದೆ ದೊಡ್ಡ ಕಥೆಗಾರನಾದ ಹೂಲಿಯೋ ಕೊರ್ತಾಸರ್. ಅಂದಿನ ನಿರಾಸೆಯನ್ನು ನಡುವಯಸ್ಸಿನಲ್ಲಿಯೂ ಮರೆಯದೆ ಬರೆದಿದ್ದಾನೆ.

ಇನ್ನೊಬ್ಬನ ಹೆಸರನ್ನು ಇಲ್ಲಿ ಹೇಳಲೇಬೇಕು, ಹ್ಯಾರಿ ವಿಲ್ಸ್. ಡೆಂಪ್ಸಿಯ ಎದುರು ನಿಲ್ಲಲು ಎಲ್ಲ ಅರ್ಹತೆ ಇದ್ದ ಕಪ್ಪು ಜನಾಂಗದ ಜಟ್ಟಿ. 1922ರಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು, ಪಂದ್ಯ ಮಾತ್ರ ನಡೆಯಲೇ ಇಲ್ಲ. 1915ರಲ್ಲಿ ಜ್ಯಾಕ್ ಜಾನ್ಸನ್ ಕಿರೀಟ ಕಳೆದುಕೊಂಡ ಮೇಲೆ 1937ರಲ್ಲಿ ಜೋ ಲೂಯಿ ಬರುವ ತನಕ ಕಪ್ಪು ಜನರಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ಫಿರ್ಪೋ ಬಿದ್ದಾದರೂ ಬಿದ್ದ, ವಿಲ್ಸನಿಗೆ ಬೀಳಲೂ ಅವಕಾಶ ಕೊಡಲಿಲ್ಲ. 1924ರಲ್ಲಿ ಈ ಇಬ್ಬರೂ ಹನ್ನೆರಡು ಸುತ್ತು ಕಾದಾಡಿದಾಗ ಅಧಿಕೃತ ತೀರ್ಪಿರಲಿಲ್ಲ, ಪತ್ರಿಕೆಗಳು ಮೇಲುಗೈ ವಿಲ್ಸನದೆಂದು ಬರೆದವು.

ಇನ್ನು ಎಣಿಕೆಯ ಕಥೆ. 1926ರಲ್ಲಿ ಡೆಂಪ್ಸಿ ಜೀನ್ ಟನಿಗೆ ಸೋತ. 1927ರ ಸೆಪ್ಟೆಂಬರ್ 22ರಂದು ಷಿಕಾಗೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮುಂದೆ ಮತ್ತೆ ಎದುರಾದರು. ಬೀಳಿಸಿದವನು ದೂರದ ಖಾಲಿ ಮೂಲೆಗೆ ಹೋದ ಮೇಲೆಯೇ ಎಣಿಕೆ ಎಂಬ ನಿಯಮವನ್ನು ಈ ಸಲ ಮೊದಲೇ ಇಬ್ಬರಿಗೂ ತಿಳಿಸಿದ್ದರು. ಏಳನೆಯ ಸುತ್ತಿನಲ್ಲಿ ಟನಿ ಕುಸಿದ. ಡೆಂಪ್ಸಿ ಹಳೆಯ ಚಾಳಿಯಂತೆ ಅಲ್ಲೇ ನಿಂತ. ರೆಫರಿ ಡೇವ್ ಬ್ಯಾರಿ ಮೂಲೆ ತೋರಿಸಿದ, ಅವನು ಕದಲಲಿಲ್ಲ. ಕೊನೆಗೆ ಹೋದಾಗ ಎಣಿಕೆ ಒಂದರಿಂದ ಶುರುವಾಯಿತು. ಟನಿ ಒಂಬತ್ತಕ್ಕೆ ಎದ್ದ, ಅಷ್ಟರಲ್ಲಿ ಹದಿನಾಲ್ಕು ಸೆಕೆಂಡಿನಷ್ಟು ಕಳೆದಿತ್ತು. ಹತ್ತು ಸುತ್ತು ಮುಗಿದಾಗ ತೀರ್ಪು ಟನಿಯ ಕಡೆಗಾಯಿತು. ಡೆಂಪ್ಸಿ ಮತ್ತೆ ಕಿರೀಟಕ್ಕಾಗಿ ಹೊಡೆದಾಡಲಿಲ್ಲ.

ಅವನು 1983ರವರೆಗೆ ಬದುಕಿದ್ದ. ಫಿರ್ಪೋ ಊರಿಗೆ ಮರಳಿ ಜಮೀನು, ದನಕರು ಮಾಡಿಕೊಂಡು 1960ರಲ್ಲಿ ತೀರಿಕೊಂಡ. ಆ ರಾತ್ರಿ ಅವನು ಗೆಲ್ಲಲಿಲ್ಲ. ಆದರೂ ಅರ್ಜೆಂಟೀನಾದಲ್ಲಿ ಸೆಪ್ಟೆಂಬರ್ 14 ಬಾಕ್ಸರುಗಳ ದಿನ.