ಸದನದಲ್ಲಿ ಸೋತವರ ಲೆಕ್ಕ ಸಿಗುವುದಿಲ್ಲವೇಕೆ?

ಒಬ್ಬ ಜನಪ್ರತಿನಿಧಿ ತಮ್ಮ ಅವಧಿಯಲ್ಲಿ ಎಷ್ಟು ಬಾರಿ ಸೋತ ಬಣದ ಪರ ಮತ ಚಲಾಯಿಸಿದರು ಎಂಬ ಪ್ರಶ್ನೆಗೆ ಭಾರತದಲ್ಲಿ ಅಂಕಿಅಂಶಗಳ ಉತ್ತರ ದೊರೆಯುವುದು ದುರ್ಲಭ. ಸಂಸತ್ತಿನಲ್ಲಾಗಲಿ ವಿಧಾನಸಭೆಯಲ್ಲಾಗಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದಲೇ ಅಂಗೀಕಾರಗೊಳ್ಳುತ್ತವೆ. 'ಹೌದು' ಎಂದವರ ದನಿ ದೊಡ್ಡದೋ 'ಇಲ್ಲ' ಎಂದವರದ್ದೋ ಎಂಬುದನ್ನು ಪೀಠ ನಿರ್ಧರಿಸುತ್ತದೆ. ಯಾರ ಹೆಸರೂ ದಾಖಲಾಗುವುದಿಲ್ಲ. ಆ ನಿರ್ಧಾರವನ್ನು ಸದಸ್ಯರು ಪ್ರಶ್ನಿಸಿ ಮತವಿಭಜನೆ ಕೋರಿದಾಗ ಮಾತ್ರ ಎಣಿಕೆಯ ಮಾತು ಬರುತ್ತದೆ.

ಈ ಕೋರಿಕೆಯೇ ವಿವಾದವಾದದ್ದೂ ಉಂಟು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳ ಮೇಲೆ ಪ್ರತಿಪಕ್ಷಗಳು ಮತವಿಭಜನೆಗೆ ಪಟ್ಟುಹಿಡಿದವು. ಸದಸ್ಯರು ತಮ್ಮ ಆಸನಗಳಲ್ಲಿ ಇರಲಿಲ್ಲ ಎಂಬುದು ಪೀಠದ ಸಮರ್ಥನೆ. ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾದವು. ಮರುವರ್ಷ ನವೆಂಬರ್‌ನಲ್ಲಿ ಆ ಕಾಯ್ದೆಗಳನ್ನು ಸಂಸತ್ತು ಹಿಂಪಡೆಯಿತಾದರೂ, ಅಂದು ವಿರೋಧಿಸಿದವರ ಸಂಖ್ಯೆ ಎಷ್ಟೆಂಬುದು ಕಡತದಲ್ಲಿ ಇಲ್ಲ.

ಸಂವಿಧಾನ ತಿದ್ದುಪಡಿಗೆ ಎಣಿಕೆ ಅನಿವಾರ್ಯ. ಇಲ್ಲಿ ಹೆಚ್ಚು ಮತ ಪಡೆದವರೂ ಸೋಲಬಹುದು. ರಾಜಧನ ರದ್ದತಿಯ ಮಸೂದೆಯನ್ನು ಲೋಕಸಭೆ ಅಂಗೀಕರಿಸಿತ್ತು. 1970ರ ಸೆಪ್ಟೆಂಬರ್ 5ರಂದು ರಾಜ್ಯಸಭೆಯಲ್ಲಿ ಅದರ ಪರ 149, ವಿರುದ್ಧ 75 ಮತಗಳು ಬಿದ್ದವು. ಹಾಜರಿದ್ದು ಮತ ಚಲಾಯಿಸಿದ 224 ಮಂದಿಯಲ್ಲಿ ಮೂರನೇ ಎರಡರಷ್ಟು ಎಂದರೆ 149ಕ್ಕಿಂತ ತುಸು ಹೆಚ್ಚು. ಒಂದು ಮತಕ್ಕೂ ಕಡಿಮೆ ಅಂತರದಲ್ಲಿ ಮಸೂದೆ ಬಿತ್ತು. 1971ರಲ್ಲಿ 26ನೇ ತಿದ್ದುಪಡಿಯ ಮೂಲಕ ರಾಜಧನ ಕೊನೆಗೂ ರದ್ದಾಯಿತು.

ವಿಶ್ವಾಸಮತದ ಲೆಕ್ಕಗಳು ಜನರ ನೆನಪಿನಲ್ಲಿ ಉಳಿಯುತ್ತವೆ. 1997ರ ಏಪ್ರಿಲ್ 11ರಂದು ಎಚ್.ಡಿ. ದೇವೇಗೌಡರ ಸರ್ಕಾರ 158-292ರಿಂದ ಸೋತಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269-270ರಿಂದ, ಒಂದೇ ಮತದ ಅಂತರದಲ್ಲಿ ಉರುಳಿತು.

ಸದಸ್ಯರು ಯಾವ ಬಣದಲ್ಲಿರಬೇಕೆಂಬುದನ್ನು ಮಾತ್ರ ಸಾಮಾನ್ಯವಾಗಿ ಅವರೇ ನಿರ್ಧರಿಸುವುದಿಲ್ಲ. 1985ರ 52ನೇ ತಿದ್ದುಪಡಿ ತಂದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಉಲ್ಲಂಘಿಸಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, 15 ದಿನಗಳೊಳಗೆ ಪಕ್ಷ ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು. ಹೀಗಾಗಿ ಪ್ರತಿಪಕ್ಷದ ಶಾಸಕರಿಗೆ ಸೋಲು ಬಹುತೇಕ ಖಚಿತ, ಆಡಳಿತ ಪಕ್ಷದವರಿಗೆ ಗೆಲುವು. ವೈಯಕ್ತಿಕ ನಿಲುವಿನ ಲೆಕ್ಕ ತೆಗೆಯುವವರಿಗೆ ಇಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಇದಕ್ಕೆ ವಿಚಿತ್ರ ಅಪವಾದ ಕರ್ನಾಟಕದ್ದೇ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99-105ರಿಂದ ವಿಶ್ವಾಸಮತ ಕಳೆದುಕೊಂಡಿತು. ಫಲಿತಾಂಶ ನಿರ್ಧರಿಸಿದವರು ಸದನಕ್ಕೆ ಬಾರದ ಬಂಡಾಯ ಶಾಸಕರು. ಅವರ ಪೈಕಿ 17 ಮಂದಿಯನ್ನು ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಬಿಜೆಪಿ 12ನ್ನು ಗೆದ್ದಿತು.

ಆಡಳಿತ ಪಕ್ಷವೂ ಸೋಲುವ ಜಾಗವೆಂದರೆ ತನಗೆ ಬಹುಮತವಿಲ್ಲದ ಮೇಲ್ಮನೆ. 2024ರ ಫೆಬ್ರುವರಿ 23ರಂದು ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು. ಅದೂ ಧ್ವನಿಮತದಲ್ಲೇ. ಆರು ದಿನಗಳ ನಂತರ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು.